ಲೀಟರಿಗೆ ಎಷ್ಟು ಎನ್ನುವ ಮೊದಲು

ಕಾರು ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ನಮ್ಮಲ್ಲಿ ಬದಲಾಗುವುದೇ ಇಲ್ಲ. ಆರು ಲಕ್ಷದ ಹ್ಯಾಚ್‌ಬ್ಯಾಕ್ ಇರಲಿ, ಮೂವತ್ತು ಲಕ್ಷದ ಎಸ್‌ಯುವಿ ಇರಲಿ, ‘ಎಷ್ಟು ಕೊಡುತ್ತೆ?’ ಎಂದೇ ಶುರು. ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಹೆಚ್ಚಿನವು ಇದೇ ಜಾತಿಯವು. ಕಾರಿನ ಹುಚ್ಚು ಹತ್ತಿದವರು ಹರಟೆಗೆ ಕೂತರೂ ಅಷ್ಟೆ. ಎಂಜಿನ್, ಸಸ್ಪೆನ್ಷನ್, ಸ್ಟೀರಿಂಗ್ ಎಂದು ಗಂಟೆಗಟ್ಟಲೆ ಮಾತಾಡಿ, ಕೊನೆಗೆ ಒಬ್ಬ ‘ನಂದು ಹಾಸನ ರೋಡಲ್ಲಿ ಇಪ್ಪತ್ತೆರಡು ಕೊಡ್ತು’ ಎನ್ನುತ್ತಾನೆ, ಇನ್ನೊಬ್ಬ ‘ಬಿಡು ಗುರು, ಚಾನ್ಸೇ ಇಲ್ಲ’ ಎನ್ನುತ್ತಾನೆ, ಅಲ್ಲಿಗೆ ಸಂಜೆ ಮುಗಿಯಿತು. ಮೈಲೇಜ್ ಕೇಳಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಆಫೀಸು, ಸಂತೆ, ವರ್ಷಕ್ಕೆರಡು ಬಾರಿ ಊರು ಎಂದು ಓಡಾಡುವ ಸಾಮಾನ್ಯ ಕುಟುಂಬದ ಕಾರಿನ ಖರ್ಚಿನಲ್ಲಿ, ಚರ್ಚೆಗೆ ಸಿಗುವಷ್ಟು ತೂಕ ಮೈಲೇಜಿಗೆ ಇಲ್ಲ ಎಂಬುದು ನನ್ನ ವಾದ.

ಲೆಕ್ಕ ಹಾಕಿಯೇ ನೋಡೋಣ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುತ್ತೀರಿ ಎನ್ನಿ. ಪೆಟ್ರೋಲಿಗೆ ಲೆಕ್ಕದ ಅನುಕೂಲಕ್ಕೆ 100 ರೂಪಾಯಿ ಇಟ್ಟುಕೊಳ್ಳೋಣ. ಲೀಟರಿಗೆ 15 ಕಿ.ಮೀ. ಕೊಡುವ ಕಾರು 667 ಲೀಟರ್ ಕುಡಿಯುತ್ತದೆ, 17 ಕೊಡುವ ಕಾರು 588 ಲೀಟರ್. ವ್ಯತ್ಯಾಸ 79 ಲೀಟರ್, ಅಂದರೆ ವರ್ಷಕ್ಕೆ 7,900 ರೂಪಾಯಿ. ತಿಂಗಳಿಗೆ ಆರುನೂರೈವತ್ತು ಚಿಲ್ಲರೆ. ಈ ಆರುನೂರೈವತ್ತಕ್ಕಾಗಿ ಮನೆಯಲ್ಲಿ ವಾರಗಟ್ಟಲೆ ಪಂಚಾಯಿತಿ ನಡೆಸಿ, ತನಗೆ ಇಷ್ಟವಾದ ಕಾರನ್ನು ಬಿಟ್ಟು ಅಕ್ಕಪಕ್ಕದವರು ಹೇಳಿದ ಕಾರು ತಂದವರನ್ನು ನಾನು ಬಲ್ಲೆ.

ಈಗ ಅದೇ ಮನೆಯವರು ಶೋರೂಮಿನಲ್ಲಿ ಏನು ಮಾಡುತ್ತಾರೆ ನೋಡಿ. ಅವರು ನೋಡಿದ ಕಾರಿನ ಒಂದು ವೇರಿಯಂಟ್‌ಗೆ ಎಕ್ಸ್ ಶೋರೂಂ ಬೆಲೆ 9,90,000 ರೂಪಾಯಿ. ಇನ್ನೊಂದು 20,000 ಹಾಕಿದರೆ ಅದಕ್ಕಿಂತ ಚಂದದ ಅಲಾಯ್ ವ್ಹೀಲು, ದೊಡ್ಡ ಸ್ಕ್ರೀನು. ‘ಇಷ್ಟು ಹಾಕಿದ ಮೇಲೆ ಇಪ್ಪತ್ತು ಸಾವಿರ ಯಾವ ಲೆಕ್ಕ’ ಎಂದು ಮೇಲಿನದಕ್ಕೇ ಕೈಹಾಕುತ್ತಾರೆ. ಬೆಲೆ 10,10,000 ಆಯಿತು. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ, ಅಂದರೆ ನಾವು ಲೈಫ್ ಟೈಮ್ ಟ್ಯಾಕ್ಸ್ ಎನ್ನುವುದು, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಆದಾಯ ತೆರಿಗೆಯ ಹಾಗೆ ಹತ್ತು ಲಕ್ಷ ಮೀರಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಎಂದುಕೊಳ್ಳಬೇಡಿ. ಗೆರೆ ದಾಟಿದರೆ ಪೂರ್ತಿ ಬೆಲೆಗೇ ಹೊಸ ದರ. 9,90,000ದ ಕಾರಿಗೆ ಸೆಸ್ ಸೇರಿ ತೆರಿಗೆ ಸುಮಾರು 1,53,800. 10,10,000ದ ಕಾರಿಗೆ 1,90,600. ಇಪ್ಪತ್ತು ಸಾವಿರದ ಅಲಾಯ್ ವ್ಹೀಲಿಗೆ ನೀವು ಕೊಟ್ಟದ್ದು 56,000ಕ್ಕೂ ಮೇಲೆ. ಎರಡು ಕಿಲೋಮೀಟರ್ ಮೈಲೇಜ್ ವ್ಯತ್ಯಾಸ ಏಳು ವರ್ಷದಲ್ಲಿ ಉಳಿಸುವ ದುಡ್ಡು ಒಂದೇ ಸಹಿಯಲ್ಲಿ ಹೋಯಿತು. ಅದರ ಜತೆಗೆ 10 ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಕೂಡ ಕಟ್ಟಬೇಕು. ಅದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದರೆ ವಾಪಸ್ ಸಿಗುತ್ತದೆ, ಸಲ್ಲಿಸದವರಿಗೆ ಇಲ್ಲ.

ತೆರಿಗೆಯ ಮೇಲೆ ತೆರಿಗೆ ಎಂದು ಬೆಂಗಳೂರಿನವರು ಗೊಣಗುವುದು ಸುಮ್ಮನೆ ಅಲ್ಲ. ಈ ಶೇಕಡಾವಾರು ಲೆಕ್ಕ ಹಾಕುವುದು ಜಿಎಸ್‌ಟಿ ಸೇರಿಸಿದ ಇನ್‌ವಾಯ್ಸ್ ಬೆಲೆಯ ಮೇಲೆ. ಪುದುಚೇರಿ ನಂಬರ್ ಪ್ಲೇಟಿನ ದುಬಾರಿ ಕಾರುಗಳು ಇಲ್ಲಿನ ರಸ್ತೆಗಳಲ್ಲಿ ಯಾಕೆ ಕಾಣಿಸುತ್ತವೆ, ಸಾರಿಗೆ ಇಲಾಖೆ ಅವನ್ನು ಆಗಾಗ ಅಡ್ಡಗಟ್ಟಿ ಯಾಕೆ ಹಿಡಿಯುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಪರಿಚಯದ ಮೇಷ್ಟ್ರೊಬ್ಬರ ಜತೆ ಈಚೆಗೆ ಒಂದು ಶೋರೂಮಿಗೆ ಹೋಗಿದ್ದೆ. ಮಾರಾಟದ ಹುಡುಗ ಚುರುಕಿನವನು. ಕೊಟೇಶನ್ ಹಾಳೆಯಲ್ಲಿ ಮೇಲಿನ ಸಾಲು ಎಕ್ಸ್ ಶೋರೂಂ, ಕೆಳಗಿನ ಸಾಲು ಆನ್ ರೋಡ್, ನಡುವೆ ಇರುವುದೆಲ್ಲ ಸಣ್ಣ ಅಕ್ಷರ. ಆ ಸಣ್ಣ ಅಕ್ಷರದಲ್ಲಿ ‘ಎಸೆನ್ಷಿಯಲ್ ಕಿಟ್’ ಎಂಬುದೊಂದು ಇತ್ತು. ಏನದು ಎಂದರೆ ಕಾಲುಮ್ಯಾಟು, ಮಡ್‌ಫ್ಲಾಪು, ಸೀಟ್ ಕವರು, ಒಂದು ಪರ್ಫ್ಯೂಮ್ ಬಾಟಲಿ. ಅದರ ಕೆಳಗೆ ‘ಹ್ಯಾಂಡ್ಲಿಂಗ್’. ಕಾರನ್ನು ಗೋಡೌನಿನಿಂದ ಶೋರೂಮಿಗೆ ತಂದದ್ದಕ್ಕೆ ನಮ್ಮಿಂದಲೇ ಕೂಲಿ. ವಿಮೆಯ ಕಂತು ಹೊರಗಿನ ದರಕ್ಕಿಂತ ಸಾಕಷ್ಟು ಜಾಸ್ತಿ. ಮೇಷ್ಟ್ರು ಇದ್ಯಾವುದನ್ನೂ ಕೇಳಲಿಲ್ಲ. ‘ಹೈವೇಲಿ ಇಪ್ಪತ್ತು ಬರುತ್ತಾ?’ ಎಂದು ಮಾತ್ರ ಮತ್ತೆ ಮತ್ತೆ ಕೇಳಿದರು. ಹುಡುಗ ‘ಗ್ಯಾರಂಟಿ ಸಾರ್’ ಎಂದ. ಬಾಯಿಮಾತಿನ ಗ್ಯಾರಂಟಿಗೆ ಖರ್ಚೇನು?

ಅವನು ಹೇಳಿದ ಇಪ್ಪತ್ತು ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಜಾಹೀರಾತಿನ ಮೈಲೇಜನ್ನು ಪುಣೆಯ ಎಆರ್‌ಎಐನಂಥ ಪ್ರಯೋಗಾಲಯಗಳಲ್ಲಿ ಅಳೆಯುತ್ತಾರೆ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿತ ವೇಗದಲ್ಲಿ, ನಿಗದಿತ ಹೊತ್ತು ಓಡಿಸುತ್ತಾರೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ವೇಗ ಏರುವುದೂ ಇಳಿಯುವುದೂ ಮದುಮಗಳ ಮೆರವಣಿಗೆಯಷ್ಟು ನಿಧಾನ. ಎ.ಸಿ. ಆಫ್. ಹಂಪ್ ಇಲ್ಲ, ಎದುರು ನುಗ್ಗುವ ಆಟೊ ಇಲ್ಲ, ಹಿಂದಿನ ಸೀಟಿನಲ್ಲಿ ಅತ್ತೆ ಮಾವ ಇಲ್ಲ. ಒಂದು ಕಾರನ್ನು ಇನ್ನೊಂದರ ಜತೆ ಹೋಲಿಸಲು ಈ ಅಂಕಿ ಒಳ್ಳೆಯದೇ, ಎಲ್ಲ ಕಾರುಗಳೂ ಒಂದೇ ಪರೀಕ್ಷೆ ಬರೆದಿರುತ್ತವಲ್ಲ. ನಿಮ್ಮ ಪೆಟ್ರೋಲ್ ಬಿಲ್ಲಿಗೆ ಮಾತ್ರ ಅದು ಉತ್ತರದಾಯಿ ಅಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎ.ಸಿ. ಹಾಕಿಕೊಂಡು ನಿಂತ ಕಾರು ಸೊನ್ನೆ ಕಿಲೋಮೀಟರಿಗೂ ಪೆಟ್ರೋಲ್ ಸುಡುತ್ತದೆ. ಡ್ಯಾಶ್‌ಬೋರ್ಡಿನ ಅಂಕಿಯನ್ನೂ ಪೂರ್ತಿ ನಂಬಬೇಡಿ, ಅದು ಸಾಮಾನ್ಯವಾಗಿ ಮಾಲೀಕನನ್ನು ಖುಷಿಯಾಗಿಡುವ ಕಡೆಗೇ ವಾಲಿರುತ್ತದೆ. ಒಂದೇ ಬಂಕು, ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕು, ಆಟೊ ಕಟ್ ಆದಲ್ಲಿಗೆ ನಿಲ್ಲಿಸುವುದು, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಹಳೆಯ ಕ್ರಮವೇ ಸರಿ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ 2025ರಿಂದ ಈಚೆಗೆ ಬರುವ ಪತ್ರಗಳಲ್ಲಿ ಅದರದ್ದೇ ಗದ್ದಲ. ಲೀಟರ್ ಎಥೆನಾಲಿನಲ್ಲಿ ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇದೆ. ಶೇ 20 ಬೆರೆಸಿದಾಗ ಕಾಗದದ ಲೆಕ್ಕದಲ್ಲಿ ಶೇ 6–7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಹದಿನೈದು ಕೊಡುತ್ತಿದ್ದ ಕಾರು ಹದಿನಾಲ್ಕಕ್ಕೆ ಇಳಿದರೆ ಆಶ್ಚರ್ಯವಿಲ್ಲ. ಹತ್ತಕ್ಕೆ ಇಳಿದರೆ ಎಥೆನಾಲನ್ನು ಬಯ್ಯುವ ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿಸಿ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿಗೆ ಇದರಿಂದ ಮಾರುಕಟ್ಟೆ ಸಿಗುತ್ತದೆ ಎಂಬುದು ಸರಿ. ಆದರೆ ಬೆರಕೆ ಪೆಟ್ರೋಲನ್ನು ಮೊದಲಿನ ದರಕ್ಕೇ ಕೊಳ್ಳುತ್ತಿರುವ ಗ್ರಾಹಕನಿಗೆ ಸಿಟ್ಟು ಬಂದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ.

ಬೆಲೆಗೆ ಮರಳೋಣ. ರಾಜ್ಯದ ಗೆರೆ ಹತ್ತು ಲಕ್ಷದಲ್ಲಿದ್ದರೆ ಕೇಂದ್ರದ ಗೆರೆ ನಾಲ್ಕು ಮೀಟರಿನಲ್ಲಿದೆ. ನಮ್ಮ ಕಾರುಗಳ ಆಕಾರವನ್ನು ಯಾವ ವಿನ್ಯಾಸಕಾರನಿಗಿಂತಲೂ ಹೆಚ್ಚಾಗಿ ತಿದ್ದಿದ್ದು ಈ ಗೆರೆ. 2006ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಉದ್ದ 4,000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ಮೀರಬಾರದು, ಡೀಸೆಲ್ ಆದರೆ 1,500. ಅಲ್ಲಿಂದ ಶುರುವಾಯಿತು ಕತ್ತರಿ ಪ್ರಯೋಗ. 2008ರಲ್ಲಿ ಟಾಟಾ ಕಂಪನಿ ಇಂಡಿಗೊ ಕಾರಿನ ಡಿಕ್ಕಿಯನ್ನು ಮೊಟಕುಗೊಳಿಸಿ ಸಿಎಸ್ ಎಂದು ಮಾರಿತು. ಅದೇ ವರ್ಷ ಬಂದ ಮಾರುತಿ ಡಿಜೈರ್ 4,160 ಮಿ.ಮೀ. ಉದ್ದವಿತ್ತು. 2012ರ ಡಿಜೈರ್ 3,995. ಹಿಂದಿನಿಂದ ನೋಡಿದರೆ ಗರಗಸ ಹಾಕಿದ ಹಾಗಿತ್ತು ಎಂದು ಕಾರುಪ್ರೇಮಿಗಳು ನಕ್ಕರು. ಜನ ಮುಗಿಬಿದ್ದು ಕೊಂಡರು. ಇವತ್ತು ಮಾರುತಿ, ಹ್ಯುಂಡೈ ಎಂಜಿನ್ನುಗಳು 1,197 ಸಿಸಿ, ಟಾಟಾ, ಹೋಂಡಾದವು 1,199 ಸಿಸಿ ಎಂದಿರುವುದೂ ಅದೇ ಗೆರೆಯ ಒತ್ತಿನಲ್ಲಿ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ಈ ಗೆರೆ ಅಳಿಸಲಿಲ್ಲ, ಇನ್ನೂ ದಪ್ಪವಾಯಿತು. ಮೊದಲು ಸಣ್ಣ ಪೆಟ್ರೋಲ್ ಕಾರಿಗೆ ಸೆಸ್ ಸೇರಿ ಶೇ 29, ದೊಡ್ಡವಕ್ಕೆ ಶೇ 45ರಿಂದ 50ರವರೆಗೆ ಇತ್ತು. ಈಗ ಸಣ್ಣದಕ್ಕೆ 18, ದೊಡ್ಡದಕ್ಕೆ 40. ಇದರ ವಿಚಿತ್ರ ಫಲ ನೋಡಬೇಕೆಂದರೆ ಮಾರುತಿಯ ಬ್ರೆಝಾ ಮತ್ತು ಟಾಟಾದ ನೆಕ್ಸಾನ್ ಅಕ್ಕಪಕ್ಕ ನಿಲ್ಲಿಸಿ. ಎರಡರ ಉದ್ದವೂ ನಾಲ್ಕು ಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ. ಆದರೆ ಬ್ರೆಝಾ ಒಳಗಿರುವುದು 1,462 ಸಿಸಿ ಪೆಟ್ರೋಲ್ ಎಂಜಿನ್, ನೆಕ್ಸಾನ್ ಒಳಗೆ 1,199 ಸಿಸಿ ಟರ್ಬೊ. ಒಂದಕ್ಕೆ ಶೇ 40, ಇನ್ನೊಂದಕ್ಕೆ 18. ಟರ್ಬೊ ಇಲ್ಲದ, ತಣ್ಣಗೆ ಕೆಲಸ ಮಾಡುವ, ರಿಪೇರಿಗೆ ಸುಲಭವಾದ ದೊಡ್ಡ ಎಂಜಿನ್ ಸರ್ಕಾರದ ಕಣ್ಣಿಗೆ ಐಷಾರಾಮ!

ಕರ್ನಾಟಕದಲ್ಲಿ ಈ ಇಳಿಕೆಯ ಲಾಭ ಕೆಲವರಿಗೆ ಎರಡು ಸಲ ಸಿಕ್ಕಿತು. 10,60,000 ರೂಪಾಯಿಯ ಸಣ್ಣ ಪೆಟ್ರೋಲ್ ಕಾರೊಂದನ್ನು ಕಲ್ಪಿಸಿಕೊಳ್ಳಿ. ಕಂಪನಿ ಪೂರ್ತಿ ಇಳಿಕೆಯನ್ನು ದಾಟಿಸಿದರೆ ಅದರ ಬೆಲೆ 9,70,000ದ ಹತ್ತಿರ ಬರುತ್ತದೆ. ಹತ್ತು ಲಕ್ಷದ ಗೆರೆಯಿಂದ ಕೆಳಗಿಳಿದ ಕಾರಣ ಆಜೀವ ತೆರಿಗೆಯಲ್ಲೂ ಇನ್ನೊಂದು 49,000 ರೂಪಾಯಿ ಕಡಿಮೆ. ಒಟ್ಟು ಉಳಿತಾಯ ಒಂದು ಲಕ್ಷ ನಲವತ್ತು ಸಾವಿರದ ಸಮೀಪ. ಇಷ್ಟು ದುಡ್ಡನ್ನು ಮೈಲೇಜಿನಿಂದ ಉಳಿಸಬೇಕಾದರೆ ಎಷ್ಟು ವರ್ಷ ಓಡಿಸಬೇಕು, ನೀವೇ ಭಾಗಿಸಿ.

ಹೈಬ್ರಿಡ್ ಬೇಡವೇ ಹಾಗಾದರೆ? ಇದು ಈಗಿನ ದೊಡ್ಡ ಪ್ರಶ್ನೆ. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್ ಬಂದಾಗ ಘೋಷಿಸಿದ ಮೈಲೇಜ್ 27.97. ನಿಜ ಜೀವನದಲ್ಲಿ ಅಷ್ಟು ಬಾರದಿದ್ದರೂ ಊರೊಳಗಿನ ಟ್ರಾಫಿಕ್ಕಿನಲ್ಲಿ ಅದು ಕೊಡುವಷ್ಟನ್ನು ಬೇರೆ ಪೆಟ್ರೋಲ್ ಕಾರು ಕೊಡಲಾರದು. ಕಾರಣ ಸರಳ: ನಿಂತಾಗ ಎಂಜಿನ್ ಆಫ್, ನಿಧಾನಕ್ಕೆ ಹೊರಟಾಗ ಮೋಟರ್, ಬ್ರೇಕ್ ಒತ್ತಿದಾಗ ವ್ಯರ್ಥವಾಗಬೇಕಿದ್ದ ಶಕ್ತಿ ಬ್ಯಾಟರಿಗೆ. ಎಷ್ಟು ನಿಂತು ಹೊರಡುತ್ತೀರೋ ಅಷ್ಟು ಲಾಭ. ಅದೇ ಕಾರನ್ನು ಹೈವೇಯಲ್ಲಿ ಒಂದೇ ವೇಗದಲ್ಲಿ ಬಿಟ್ಟರೆ ಲಾಭ ಕರಗುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಗಮನಿಸಿ, ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬುತ್ತದೆ. ಆಮೇಲೆ ಬರುವ ಶಕ್ತಿಯನ್ನು ಇಡಲು ಜಾಗವಿಲ್ಲದೆ ಪೆಟ್ರೋಲ್ ಸುಡದೆಯೇ ಎಂಜಿನ್ ಗುಂಯ್ ಎಂದು ತಿರುಗಿ ಕಾರನ್ನು ಹಿಡಿಯುತ್ತದೆ. ಮೊದಲ ಸಲ ಕೇಳಿದವರು ಗೇರ್ ಕೆಟ್ಟಿತೆಂದು ಗಾಬರಿಯಾಗುತ್ತಾರೆ.

ದುಡ್ಡಿನ ಮಾತು ಬೇರೆ. ಸಾಮಾನ್ಯ ಪೆಟ್ರೋಲ್ ಮಾದರಿಗಿಂತ ಹೈಬ್ರಿಡ್ 3 ಲಕ್ಷ ಹೆಚ್ಚು ಎಂದುಕೊಳ್ಳೋಣ. ಆ ಮೂರು ಲಕ್ಷದ ಮೇಲೂ ಆಜೀವ ತೆರಿಗೆ ಬೀಳುತ್ತದೆ, ಸುಮಾರು 56,600. ಊರೊಳಗೆ ಒಂದು 13 ಕೊಟ್ಟು ಇನ್ನೊಂದು 20 ಕೊಟ್ಟರೆ, ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ 27,000 ರೂಪಾಯಿಯ ಆಸುಪಾಸು ಉಳಿತಾಯ. ಹಾಕಿದ್ದು ವಾಪಸ್ ಬರಲು ಹದಿಮೂರು ವರ್ಷ, ಸಾಲದ ಬಡ್ಡಿ ಬಿಟ್ಟು. ವರ್ಷಕ್ಕೆ 20,000 ಓಡಿಸಿದರೆ ಆರೂವರೆ ವರ್ಷ, ಆಗ ಯೋಚಿಸಬಹುದು. ಹೈಬ್ರಿಡ್ಡಿನ ನಯ, ಮೌನ, ಆಟೊಮ್ಯಾಟಿಕ್ ಗೇರಿನ ಸುಖಕ್ಕೆ ಕೊಳ್ಳುತ್ತೇನೆ ಎಂದರೆ ನಾನೂ ಭೇಷ್ ಎನ್ನುತ್ತೇನೆ. ಉಳಿತಾಯಕ್ಕೆ ಎಂದರೆ ಕ್ಯಾಲ್ಕ್ಯುಲೇಟರ್ ಮುಂದಿಡುತ್ತೇನೆ.

ಈ ಪಾಠ ಹೊಸದೂ ಅಲ್ಲ. ಡೀಸೆಲ್ ಮತ್ತು ಪೆಟ್ರೋಲ್ ನಡುವೆ ಭಾರಿ ಅಂತರ ಇದ್ದ ಕಾಲದಲ್ಲಿ, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟು ಮಾತ್ರ ಓಡುವ ಮನೆಗಳಿಗೂ ಡೀಸೆಲ್ ಕಾರುಗಳು ಬಂದವು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರ ಸರ್ಕಾರದ ಹಿಡಿತದಿಂದ ಹೊರಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಹೆಚ್ಚು ಕೊಟ್ಟು ತಂದ ಎಷ್ಟೋ ಡೀಸೆಲ್ ಕಾರುಗಳು ತಮ್ಮ ಹೆಚ್ಚುವರಿ ಬೆಲೆಯನ್ನು ದುಡಿಯುವ ಮೊದಲೇ ಮುದಿಯಾದವು.

ಕಂಪನಿಗಳಿಗೆ ನಮ್ಮ ಈ ಗೀಳು ನಮಗಿಂತ ಚೆನ್ನಾಗಿ ಗೊತ್ತು. ಮಾರುತಿಯ ದೊಡ್ಡ ಜಾಹೀರಾತು ಸರಣಿಯೊಂದು ನಿಂತದ್ದೇ ‘ಕಿತ್ನಾ ದೇತಿ ಹೈ’ ಎಂಬ ಪ್ರಶ್ನೆಯ ಮೇಲೆ. ಬಿಡದಿಯ ಟೊಯೊಟಾ ಕಥೆ ಇನ್ನೂ ಸ್ವಾರಸ್ಯ. 2000ದಲ್ಲಿ ಕ್ವಾಲಿಸ್ ತಂದರು. ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಓಡುವ ಕುದುರೆಯಿಂದ ಇಳಿದು ಇನ್ನೊಂದನ್ನು ಹತ್ತುವ ಧೈರ್ಯ ಅದು. ಇದೇ ಕಂಪನಿ 2019ರಲ್ಲಿ ಮಾರುತಿಯ ಬಲೆನೊಗೆ ತನ್ನ ಲಾಂಛನ ಅಂಟಿಸಿ ಗ್ಲಾಂಝಾ ಎಂದಿತು. ಕಾರುಪ್ರೇಮಿಗಳು ಹಲ್ಲು ಕಡಿದರು, ಇದೇನು ಸ್ಟಿಕರ್ ವ್ಯಾಪಾರವೇ ಎಂದರು. ನನಗೆ ಅದರಲ್ಲಿ ಜಾಣತನ ಕಾಣಿಸುತ್ತದೆ. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಗೂ ಸರ್ಕಾರದ ಮಿತಿ ಇದೆ. ಫಾರ್ಚೂನರ್, ಇನ್ನೋವಾ ಮಾರುವವರಿಗೆ ಸರಾಸರಿ ಇಳಿಸಲು ಸಣ್ಣ ಕಾರು ಬೇಕು, ಹೈಬ್ರಿಡ್ ಬೇಕು. ಮಾರುತಿಗೆ ಹೈಬ್ರಿಡ್ ತಂತ್ರಜ್ಞಾನ ಬೇಕಿತ್ತು. ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡೂ ಬಿಡದಿಯಲ್ಲೇ ತಯಾರಾಗಿ ಬೇರೆ ಬೇರೆ ಶೋರೂಮಿಗೆ ಹೋದವು. ಒಂದೇ ಕಾರನ್ನು ಟೊಯೊಟಾದಲ್ಲೇ ಕೊಂಡವರಿಗೆ ಸಿಕ್ಕ ಹೆಚ್ಚುವರಿ ಲಾಭ ಮೂರು ವರ್ಷ, ಲಕ್ಷ ಕಿಲೋಮೀಟರ್ ವಾರಂಟಿ. ಮಾರುತಿ ತನ್ನ ಎರಡು ವರ್ಷದ ವಾರಂಟಿಯನ್ನು ಅಷ್ಟಕ್ಕೆ ಏರಿಸಿದ್ದು 2024ರ ಜುಲೈನಲ್ಲಿ. ಅಷ್ಟು ವರ್ಷ ಆ ‘ಸ್ಟಿಕರ್’ನ ಬೆಲೆ ಅದೇ ಆಗಿತ್ತು.

ಬೆಲೆ ಘೋಷಿಸುವುದೂ ಒಂದು ಕಲೆಯಾಗಿದೆ. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದಾಗ ಆರಂಭಿಕ ಬೆಲೆ 11,99,000, ಮೊದಲ 25,000 ಬುಕಿಂಗ್‌ಗೆ ಮಾತ್ರ. ಆ 25,000 ಒಂದು ಗಂಟೆಯೊಳಗೆ ಮುಗಿಯಿತು. ಹೋರ್ಡಿಂಗಿನ ಬೆಲೆ ಕೆಳಗಿನ ಮೆಟ್ಟಿಲಿನದು, ಜನ ಕೊಳ್ಳುವುದು ನಡುವಿನದು, ಮನಸ್ಸು ಇರುವುದು ಸನ್‌ರೂಫ್ ಇರುವ ಮೇಲಿನದರ ಮೇಲೆ. ಸನ್‌ರೂಫ್ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ರಾಯಚೂರಿನ ಏಪ್ರಿಲ್‌ನಲ್ಲಿ ನೆತ್ತಿಯ ಮೇಲೆ ಗಾಜು ಇಟ್ಟುಕೊಂಡು ಎ.ಸಿ.ಯನ್ನು ಎರಡು ಪಾಯಿಂಟ್ ಏರಿಸುವವರು ಮೈಲೇಜ್ ಬಗ್ಗೆ ಮಾತಾಡಬಾರದು, ಅಷ್ಟೆ.

ಪತ್ರ ಬರೆದವರಿಗೆಲ್ಲ ನನ್ನ ಉತ್ತರ ಇಷ್ಟು. ಶೋರೂಮಿಗೆ ಹೋಗುವ ಮೊದಲು ನಿಮ್ಮ ಹಳೆಯ ಗಾಡಿ ಕಳೆದ ವರ್ಷ ಎಷ್ಟು ಕಿಲೋಮೀಟರ್ ಓಡಿತು ಎಂದು ಮೀಟರ್ ನೋಡಿ ಬರೆದಿಟ್ಟುಕೊಳ್ಳಿ. ಬಹಳ ಮಂದಿ ಅಂದಾಜಿನಲ್ಲಿ ದುಪ್ಪಟ್ಟು ಹೇಳುತ್ತಾರೆ. ಬಜೆಟ್ಟನ್ನು ಎಕ್ಸ್ ಶೋರೂಮಿನಲ್ಲಿ ಹಾಕದೆ ಆನ್ ರೋಡಿನಲ್ಲಿ ಹಾಕಿ. ಬೆಲೆ ಹತ್ತು ಲಕ್ಷದ ಅಥವಾ ಇಪ್ಪತ್ತು ಲಕ್ಷದ ಹತ್ತಿರ ಇದ್ದರೆ ಒಂದು ಮೆಟ್ಟಿಲು ಕೆಳಗಿನ ವೇರಿಯಂಟ್ ನೋಡಿ, ಏರ್‌ಬ್ಯಾಗು, ಬ್ರೇಕು, ಸ್ಥಿರತೆಯ ಸಲಕರಣೆ ಅದರಲ್ಲೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಾನೂನು ಇಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಕಂಪನಿಯ ಆಯ್ಕೆ ನಿಮ್ಮದು. ಹೊರಗಿನ ಎರಡು ಕೊಟೇಶನ್ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಹ್ಯಾಂಡ್ಲಿಂಗ್, ಎಸೆನ್ಷಿಯಲ್ ಕಿಟ್ ಎಂಬ ಸಾಲುಗಳನ್ನು ಬುಕಿಂಗ್ ಹಣ ಕೊಡುವ ಮೊದಲೇ ಪೆನ್ನಿನಿಂದ ಹೊಡೆದುಹಾಕಿಸಿ, ಅದೇ ಹಾಳೆಗೆ ಡೀಲರ್ ಸೀಲು ಹಾಕಿಸಿಕೊಳ್ಳಿ. ಹಣ ಕೊಟ್ಟ ಮೇಲೆ ಆ ಸಾಲುಗಳು ಅಳಿಯುವುದಿಲ್ಲ.